ಒಂದು ಅಕ್ಷರ ತಪ್ಪಿದ ಹಾಡು

ಹಾಡು ಬರೆಯುವವರನ್ನೂ ಅದನ್ನು ಬಾರಿಸುವವರನ್ನೂ ಮಾತಾಡಿಸಿ ಪತ್ರಿಕೆಗೆ ಬರೆಯುವ ಕೆಲಸವನ್ನು ನಾನು ಹದಿನಾಲ್ಕು ವರ್ಷ ಮಾಡಿದೆ. ನನಗೆ ಸಂಗೀತ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಪತ್ರಿಕೆಗಳಿಗೆ ಸೇರುವ ತರುಣರು ನನ್ನಲ್ಲಿಗೆ ಬಂದರೆ, ನಿಮಗೆ ಯಾವ ರಾಗ ಇಷ್ಟ ಎಂದು ಕೇಳುತ್ತಾರೆ. ನನಗೆ ಯಾವ ರಾಗವೂ ಗುರುತು ಸಿಗುವುದಿಲ್ಲ. ಯಾರಾದರೂ ತಾಳ ತಪ್ಪಿದರೆ ಪಕ್ಕದಲ್ಲಿ ಕೂತವರ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ.

ಬಂಟ್ವಾಳ ಪೇಟೆಯಲ್ಲಿ ಅಚ್ಚಾಗುತ್ತಿದ್ದ ಎಂಟು ಪುಟದ ಒಂದು ವಾರಪತ್ರಿಕೆಗೆ ನಾನು ಸೇರಿದ್ದು ಐವತ್ತರ ದಶಕದ ನಡುವಿನಲ್ಲಿ. ಅಲ್ಲಿ ಇದ್ದದ್ದು ಸಂಪಾದಕರು, ಅಚ್ಚಿನ ಮೊಳೆ ಜೋಡಿಸುವ ಐತಪ್ಪ, ಮತ್ತು ನಾನು. ಅಡಿಕೆಯ ಧಾರಣೆ, ಕೋರ್ಟಿನ ನೋಟೀಸು, ಮದುವೆ ಮರಣಗಳ ಸುದ್ದಿ ಎಲ್ಲ ಹಾಕಿದ ಮೇಲೂ ಐದನೆಯ ಪುಟದಲ್ಲಿ ಅರ್ಧ ಜಾಗ ಉಳಿಯುತ್ತಿತ್ತು. ಆ ಅರ್ಧ ಪುಟದಿಂದಲೇ ನನ್ನ ವೃತ್ತಿ ಹುಟ್ಟಿತು.

“ನಾಟಕದ ಹಾಡು ಎಲ್ಲರ ಬಾಯಲ್ಲಿ ಉಂಟು,” ಎಂದರು ಸಂಪಾದಕರು. “ಬರೆದದ್ದು ಯಾರು, ಹಾರ್ಮೋನಿಯಂ ಪೆಟ್ಟಿಗೆ ಬಾರಿಸಿದ್ದು ಯಾರು, ಒಬ್ಬರಿಗೂ ಗೊತ್ತಿಲ್ಲ. ನೀವು ಹೋಗಿ ಕೇಳಿಕೊಂಡು ಬನ್ನಿ.”

“ನನಗೆ ಸಂಗೀತ ಗೊತ್ತಿಲ್ಲವಲ್ಲ ಸರ್.”

“ಅದೇ ಒಳ್ಳೆದು. ಗೊತ್ತಿದ್ದವನನ್ನು ಕಳಿಸಿದರೆ ಅವನೇ ಹಾಡಿ ಬರ್ತಾನೆ.”

ಹೀಗೆ ನಾನು ಮೊದಲು ಹೋದದ್ದು ಬಾಬಣ್ಣನ ಮನೆಗೆ. ಬಾಬಣ್ಣ ಆ ಭಾಗದ ನಾಟಕ ಮಂಡಳಿಯೊಂದರ ಹಾರ್ಮೋನಿಯಂ ವಾದಕರು. ಹೆಚ್ಚು ಮಾತಿನವರಲ್ಲ. ನಾನು ರಾತ್ರಿಯಿಡೀ ಯೋಚಿಸಿ ಹನ್ನೆರಡು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಮೊದಲನೆಯದು, “ತಮ್ಮ ಜೀವನದಲ್ಲಿ ಸಂಗೀತದ ಪಾತ್ರವೇನು?”

ಬಾಬಣ್ಣ ಎಲೆಯಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. “ನನ್ನದು ಪಾತ್ರ ಎಲ್ಲ ಇಲ್ಲ ಮಾರಾಯ್ರೆ. ನಾನು ಪೆಟ್ಟಿಗೆ ಬಾರಿಸುದು ಮಾತ್ರ. ಪಾತ್ರ ಮಾಡುದು ಬೇರೆಯವರು.”

ಉಳಿದ ಹನ್ನೊಂದು ಪ್ರಶ್ನೆಗಳನ್ನು ನಾನು ಕೇಳಲಿಲ್ಲ. ಪೆಟ್ಟಿಗೆಯ ಯಾವ ಮನೆ, ಅಂದರೆ ಬೆರಳೊತ್ತುವ ಯಾವ ಪಟ್ಟಿ, ಮೊದಲು ಸವೆಯುತ್ತದೆ ಎಂದು ಕೇಳಿದೆ. ಅದಕ್ಕೆ ಅವರು ಒಂದೂವರೆ ಗಂಟೆ ಉತ್ತರ ಹೇಳಿದರು. ಯಾವ ನಟನ ಸ್ವರ ಎಷ್ಟು ಏರುತ್ತದೆ, ಏರುತ್ತದೆಂದು ನಂಬಿಕೊಂಡಿರುವವರು ಯಾರು, ಅವರಿಗೆ ತಿಳಿಯದ ಹಾಗೆ ಅರ್ಧ ಮನೆ ಇಳಿಸಿ ಬಾರಿಸುವುದು ಹೇಗೆ ಎಂಬುದೆಲ್ಲ ಬಂತು. ಅರ್ಧ ಪುಟ ಸಾಲಲಿಲ್ಲ. ಈ ಕೆಲಸಕ್ಕೆ ಬರುವವರು ಇಷ್ಟು ತಿಳಿದುಕೊಂಡರೆ ಸಾಕು: ಜೀವನದ ಬಗ್ಗೆ ಕೇಳಬೇಡಿ, ಸವೆದ ಮನೆಯ ಬಗ್ಗೆ ಕೇಳಿ.

ಮೂಡಬಿದಿರೆಯಲ್ಲಿ ಪೌಲ್ ಪೊರ್ಬು ಎಂಬವರು ಇದ್ದರು. ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು. ಬಿಳಿ ಕೋಟು, ಹಿತ್ತಾಳೆಯ ಗುಂಡಿ. ಜನ ಈಗ ಯಾವ ಹಾಡನ್ನು ಹೆಚ್ಚು ಕೇಳುತ್ತಾರೆ ಎಂದು ಅವರನ್ನು ಕೇಳಿದೆ. ತ್ಯಾಂಪಣ್ಣನ ಮಂಡಳಿಯ ‘ನೀರಿಗಿಳಿ ಬಾ’ ಎಂದರು.

“ಮದುವೆ ದಿಬ್ಬಣಕ್ಕೆ ಅದೇ ಬೇಕು. ಮೊನ್ನೆ ಒಂದು ಶವ ಮೆರವಣಿಗೆಗೂ ಅದನ್ನೇ ಬಾರಿಸಿದೆವು.”

“ಶವಕ್ಕೂ ಅದೇ ಹಾಡಾ?”

“ತೀರಿಹೋದವರಿಗೆ ಅದು ಇಷ್ಟ ಇತ್ತಂತೆ. ಹಾಡು ಅದೇ. ನಡಿಗೆ ಮಾತ್ರ ನಿಧಾನ.”

ಇದನ್ನು ಇದ್ದ ಹಾಗೆ ಹಾಕಿದೆ. ಆ ವಾರ ಪತ್ರಿಕೆ ಹೆಚ್ಚು ಹೋಯಿತು ಎಂದು ಸಂಪಾದಕರು ಹೇಳಿದರು. ಎಷ್ಟು ಹೆಚ್ಚು ಎಂದು ಹೇಳಲಿಲ್ಲ.

‘ನೀರಿಗಿಳಿ ಬಾ’ ಆ ವರ್ಷಗಳಲ್ಲಿ ಎಲ್ಲೆಲ್ಲೂ ಇತ್ತು. ಹೋಟೆಲಿನಲ್ಲಿ ಚಾ ಸೋಸುವವರ ಬಾಯಲ್ಲಿ, ಗದ್ದೆಯಲ್ಲಿ ನೇಜಿ ನೆಡುವವರ ನಡುವೆ, ಬಸ್ಸಿನ ಕಂಡಕ್ಟರ ಬಾಯಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಎಲ್ಲಿ ಆಟ ಹಾಕಿದರೂ ಆ ಹಾಡಿಗೆ ‘ಇನ್ನೊಮ್ಮೆ’ ಎಂಬ ಕೂಗು ಬೀಳುತ್ತಿತ್ತು. ನಾಯಕಿ ಹೊಳೆಯ ಈಚೆ ನಿಂತು ಆಚೆ ದಡದ ನಾಯಕನನ್ನು ಕರೆಯುವ ಹಾಡು ಅದು. ನಾಯಕಿಯಾಗಿ ಹಾಡುತ್ತಿದ್ದವನು ಸದಾಶಿವ ಎಂಬ ಯುವಕ.

“ಹಳ್ಳ ತುಂಬಿ ಹರಿಯೆ ನಲ್ಲ, ನೀರಿಗಿಳಿ ಬಾ
ಬಾಲೆ ನಾನು ಕಾದೆನಲ್ಲ, ನೀರಿಗಿಳಿ ಬಾ”

ಮಂಡಳಿಯ ಯಜಮಾನರಾದ ತ್ಯಾಂಪಣ್ಣನೇ ಇದನ್ನು ಬರೆದವರೆಂದು ಹಾಡಿನ ಪುಸ್ತಕದಲ್ಲಿ ಅಚ್ಚಾಗಿತ್ತು. ಹಾಗಾಗಿ ಅವರನ್ನು ಮಾತಾಡಿಸಲು ಹೋದೆ. ಅವರ ಬಿಡಾರ ಪೇಟೆಯ ಒಂದು ಮಾಳಿಗೆಯ ಮೇಲೆ. ಕೆಳಗಿನ ಅಂಗಡಿಗಳ ಗೋಡೆಯಲ್ಲಿ ಯಾವ ವರ್ಷ ನೇತ್ರಾವತಿ ಎಲ್ಲಿಯವರೆಗೆ ಏರಿತ್ತು ಎಂಬ ಗೆರೆಗಳಿದ್ದವು. ತ್ಯಾಂಪಣ್ಣ ದೊಡ್ಡ ಆಳು, ದೊಡ್ಡ ಸ್ವರ, ಕೈಯಲ್ಲಿ ಯಾವಾಗಲೂ ಒಂದು ನಶ್ಯದ ಡಬ್ಬಿ.

“ಬರೆದುಕೊಳ್ಳಿ,” ಎಂದರು. “ಒಂದು ದಿನ ನಾನು ದೋಣಿಯಲ್ಲಿ ಹೊಳೆ ದಾಟ್ತಾ ಇದ್ದೆ. ಮೇಲೆ ಪೂರ್ಣಚಂದ್ರ. ಕೆಳಗೆ ನೀರಿನಲ್ಲಿ ಇನ್ನೊಂದು ಚಂದ್ರ. ಎರಡು ಚಂದ್ರರ ನಡುವೆ ನಾನು ಒಬ್ಬ. ಹಾಡು ತಾನಾಗಿ ಬಂತು. ಕಾಗದ ಇರಲಿಲ್ಲ. ದೋಣಿಯ ಹಲಗೆಗೆ ಸುಣ್ಣದಲ್ಲಿ ಬರೆದೆ.”

ನಾನು ಎಲ್ಲವನ್ನೂ ಬರೆದುಕೊಂಡೆ. ಆ ಬರಹ ನನಗೇ ಬಹಳ ಮೆಚ್ಚಿಗೆಯಾಯಿತು. ‘ಎರಡು ಚಂದ್ರರ ನಡುವೆ’ ಎಂದು ತಲೆಬರಹ ಕೊಟ್ಟು, ಹಾಡನ್ನೂ ಜೊತೆಗೆ ಹಾಕಿದೆ.

ಮರುವಾರ ಬೆಳ್ತಂಗಡಿ ಕಡೆಯಿಂದ ಒಂದು ಪೋಸ್ಟ್ ಕಾರ್ಡು ಬಂತು. ಅಕ್ಷರ ಮುತ್ತು ಪೋಣಿಸಿದ ಹಾಗೆ.

“ಮಾನ್ಯರೇ, ತಮ್ಮ ಪತ್ರಿಕೆಯಲ್ಲಿ ಬಂದ ಹಾಡಿನಲ್ಲಿ ಎಲ್ಲಿಯೂ ಚಂದ್ರನಿಲ್ಲ. ಹಳ್ಳ ತುಂಬಿ ಹರಿಯುವಾಗ ಆಕಾಶದಲ್ಲಿ ಚಂದ್ರ ಕಾಣುವುದೂ ಇಲ್ಲ. ಆ ಹಾಡಿನಲ್ಲಿ ಒಂದು ತಪ್ಪು ಇದೆ. ತಿದ್ದಿಸಬೇಕಾಗಿ ವಿನಂತಿ. ಇಂತು, ಗಿರಿಜಾ, ಶಾಲಾ ಅಧ್ಯಾಪಕಿ.”

ಅದರ ಕೆಳಗೆ ಗುರುವಾಯನಕೆರೆಯಿಂದ ಎರಡು ಮೈಲು ಒಳಗಿನ ಒಂದು ಶಾಲೆಯ ವಿಳಾಸ. ಸಂಪಾದಕರಿಗೆ ತೋರಿಸಿದೆ. ಅವರು ಕಾರ್ಡನ್ನು ಎರಡು ಸಲ ಓದಿ, “ಚಂದ್ರನ ವಿಷಯ ಸರಿ ಉಂಟು. ಹೋಗಿ ನೋಡಿ ಬನ್ನಿ,” ಎಂದರು.

ಗಿರಿಜಾ ಟೀಚರಿಗೆ ಆಗ ನಲವತ್ತು ದಾಟಿರಬಹುದು. ತೆಳ್ಳಗೆ, ನೇರ. ನಾನು ಅಲ್ಲಿಯವರೆಗೆ ಮಾತಾಡಿಸಿದ ಎಲ್ಲರೂ ತುಳುವಿನಲ್ಲಿ ಮಾತಾಡುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಮನೆಯಲ್ಲಿ ತುಳುವೇ ಆದರೂ ಟೀಚರ್ ಶಾಲೆಯ ಬೇಲಿಯೊಳಗೆ ಕನ್ನಡವನ್ನಲ್ಲದೆ ಬೇರೇನೂ ಆಡುತ್ತಿರಲಿಲ್ಲ. ನನ್ನನ್ನು ಕೂಡಿಸಿ, ಮೇಜಿನ ಖಾನೆಯಿಂದ ಒಂದು ಹಳೆಯ ನೋಟ್ ಪುಸ್ತಕ ತೆಗೆದು ತೋರಿಸಿದರು.

“ಹಳ್ಳ ತುಂಬಿ ಹರಿವುದಣ್ಣ, ನೀರಿಳಿಯೆ ಬಾ
ಶಾಲೆಯೇನು ಓಡದಣ್ಣ, ನೀರಿಳಿಯೆ ಬಾ”

“ನಮ್ಮ ಮಕ್ಕಳು ಹಳ್ಳ ದಾಟಿ ಬರಬೇಕು,” ಎಂದರು. “ಮಳೆಗಾಲದಲ್ಲಿ ನೀರು ಒಮ್ಮೆಲೇ ಏರ್ತದೆ, ಒಂದು ಗಂಟೆಯಲ್ಲಿ ಇಳೀತದೆ. ತಡವಾದರೆ ಪೆಟ್ಟು ಬೀಳ್ತದೆ ಅಂತ ಹೆದರಿ ಮಕ್ಕಳು ನೀರಿಗೆ ಇಳಿಯುದು. ಇಳಿಯಬೇಡಿ, ಕಾಯಿರಿ, ಶಾಲೆ ಎಲ್ಲಿಗೂ ಓಡಿ ಹೋಗುದಿಲ್ಲ ಅಂತ ಹೇಳಿಕೊಡ್ಲಿಕ್ಕೆ ನಾನು ಬರೆದದ್ದು ಇದು. ನೀರು ಇಳಿದ ಮೇಲೆ ಬಾ ಅಂತ. ನಿಮ್ಮ ನಾಟಕದವರು ನೀರಿಗೆ ಇಳಿದು ಬಾ ಅಂತ ಮಾಡಿದ್ದಾರೆ.”

ನಾನು ಎರಡನ್ನೂ ಪಕ್ಕಪಕ್ಕ ಬರೆದು ನೋಡಿದೆ. ನೀರಿಳಿಯೆ. ನೀರಿಗಿಳಿ. ಒಂದು ಅಕ್ಷರ ಹೋಗಿ ಇನ್ನೊಂದು ಬಂದಿತ್ತು.

“ಶಾಲೆಯನ್ನು ಬಾಲೆ ಮಾಡಿದ್ದಾರಲ್ಲ, ಅದಕ್ಕೆ ನಿಮ್ಮ ಆಕ್ಷೇಪ ಇಲ್ವಾ?”

“ಪ್ರೀತಿ ಮಾಡುವವರು ಮಾಡಲಿ. ನೀರಿಗೆ ಇಳಿಯುದು ಎಂತಕ್ಕೆ?”

ಆಮೇಲೆ ಅವರು ಹೇಳಿದ್ದನ್ನು ನಾನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಬರೆಯದೆಯೂ ನೆನಪಿದೆ. ಹಿಂದಿನ ಆಷಾಢದಲ್ಲಿ ಮೂರನೆಯ ತರಗತಿಯ ಒಂದು ಹುಡುಗಿ ಹಳ್ಳದ ಬದಿಯಲ್ಲಿ ಕಾಯುತ್ತಿದ್ದಳು. ಕಾಯುತ್ತ ಹಾಡುತ್ತಿದ್ದಳು. ಟೀಚರ್ ಕಲಿಸಿದ್ದನ್ನಲ್ಲ, ನಾಟಕದಲ್ಲಿ ಕೇಳಿದ್ದನ್ನು. ಹಾಡು ಹೇಳಿದ ಹಾಗೆ ಮಾಡಿದಳು. ಸ್ವಲ್ಪ ಕೆಳಗೆ ಎತ್ತು ತೊಳೆಯುತ್ತಿದ್ದವರೊಬ್ಬರು ಜಡೆ ಹಿಡಿದು ಎಳೆದು ಹಾಕಿದರು.

“ಸ್ಲೇಟು ಹೋಯ್ತು,” ಎಂದರು ಟೀಚರ್. “ಮಗು ಉಳಿಯಿತು.”

ಕಿಟಕಿಯ ಹೊರಗೆ ಮಕ್ಕಳು ಗಲಾಟೆ ಮಾಡುತ್ತಿದ್ದರು. ಟೀಚರ್ ಅತ್ತ ನೋಡಿದರು, ಗಲಾಟೆ ನಿಂತಿತು.

“ಆ ಅಕ್ಷರ ತಿದ್ದಿಸಿ. ಅಷ್ಟೇ ನಾನು ಕೇಳುದು.”

ಪೇಟೆಗೆ ಹಿಂದಿರುಗಿ ಸಂಪಾದಕರಿಗೆ ಎಲ್ಲ ಹೇಳಿದೆ. ತ್ಯಾಂಪಣ್ಣ ನಮ್ಮಲ್ಲಿ ಪ್ರತಿವಾರ ನಾಟಕದ ಜಾಹೀರಾತು ಹಾಕುತ್ತಿದ್ದರು ಎಂಬುದು ಸಂಪಾದಕರಿಗೆ ನೆನಪಿತ್ತು. ಹಾಡು ಯಾರದು ಎಂಬ ಗೊಡವೆ ಬೇಡ, ಪದ ಮಾತ್ರ ತಿದ್ದೋಣ ಎಂದರು. ಎರಡು ಸಾಲಿನ ತಿದ್ದುಪಡಿ ಬರೆದುಕೊಟ್ಟೆ. ಶನಿವಾರ ಪತ್ರಿಕೆ ಬಂತು. ಅದರಲ್ಲಿ ಹೀಗಿತ್ತು:

“ಕಳೆದ ಸಂಚಿಕೆಯಲ್ಲಿ ‘ನೀರಿಗಿಳಿ ಬಾ’ ಎಂದಿರುವುದನ್ನು ವಾಚಕರು ‘ನೀರಿಗಿಳಿ ಬಾ’ ಎಂದು ತಿದ್ದಿ ಓದಿಕೊಳ್ಳಬೇಕು.”

ಐತಪ್ಪನನ್ನು ಕೇಳಿದೆ. ಅವನು ನೊಂದುಕೊಂಡ. ಮೊಳೆ ಜೋಡಿಸುವಾಗ ಆ ಹಾಡನ್ನೇ ಗುನುಗುತ್ತಿದ್ದನಂತೆ, ಬಾಯಿ ಹೇಳಿದ್ದನ್ನು ಕೈ ಜೋಡಿಸಿತ್ತು. ಮುಂದಿನ ವಾರ ಮತ್ತೆ ಹಾಕುವ ಎಂದು ಸಂಪಾದಕರಲ್ಲಿ ಕೇಳಿದ್ದಕ್ಕೆ, “ತಿದ್ದುಪಡಿಗೆ ತಿದ್ದುಪಡಿ ಹಾಕುವ ಕ್ರಮ ನಮ್ಮಲ್ಲಿಲ್ಲ,” ಎಂದರು. ಹಾಗೊಂದು ಕ್ರಮ ಇತ್ತೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಈ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಮದ್ರಾಸಿನ ಒಂದು ರೆಕಾರ್ಡ್ ಕಂಪೆನಿಯವರು ಆ ಹಾಡನ್ನು ಗ್ರಾಮಫೋನ್ ತಟ್ಟೆಗೆ ಹಾಕಲು ಒಪ್ಪಿದ್ದರು. ತ್ಯಾಂಪಣ್ಣ, ಸದಾಶಿವ, ಅವರ ಮಂಡಳಿಗೇ ಪೆಟ್ಟಿಗೆ ಬಾರಿಸುತ್ತಿದ್ದ ಬಾಬಣ್ಣ ಮೂವರೂ ಮುಂದಿನ ತಿಂಗಳು ಮದ್ರಾಸಿಗೆ ಹೊರಡುವವರಿದ್ದರು. ನಾಟಕದ ಹಾಡನ್ನು ಇವತ್ತಲ್ಲದಿದ್ದರೆ ನಾಳೆ ತಿದ್ದಬಹುದು. ತಟ್ಟೆಗೆ ಇಳಿದದ್ದನ್ನು ಯಾರೂ ತಿದ್ದಲಾರರು. ನಾನು ತ್ಯಾಂಪಣ್ಣನ ಮಾಳಿಗೆ ಹತ್ತಿದೆ.

“ಒಂದು ಅಕ್ಷರ ಬದಲಾಯಿಸಿದರೆ ಹೇಗೆ? ನೀರು ಇಳಿದ ಮೇಲೆ ಬಾ ಅಂತ.”

ಅವರು ನಶ್ಯ ಸೇದಿದರು. “ಅಲ್ಲ ಮಾರಾಯ್ರೆ, ನಾಯಕ ಅಂದ ಮೇಲೆ ಅವ ಹೊಳೆಗೆ ಹಾರಬೇಕು. ನೀರು ಇಳಿಯುವವರೆಗೆ ಕೂತು ಬೀಡಿ ಸೇದಿದರೆ ಅವ ಎಂತ ನಾಯಕ?”

ಹಾಡು ಬೇರೆ ಯಾರಾದರೂ ಬರೆದದ್ದಿರಬಹುದೇ ಎಂದು ಮೆಲ್ಲಗೆ ಕೇಳಿದೆ. ಅವರು ಚಂದ್ರನ ಕಥೆಯನ್ನು ಇನ್ನೊಮ್ಮೆ ಹೇಳಿದರು. ಈ ಸಲ ದೋಣಿಯಲ್ಲಿ ಅಂಬಿಗನೂ ಇದ್ದ.

ಅಲ್ಲಿಂದ ಬಾಬಣ್ಣನ ಮನೆಗೆ ಹೋದೆ. ಗಿರಿಜಾ ಟೀಚರ ಶಾಲೆಯ ಹೆಸರು ಹೇಳುತ್ತಿದ್ದ ಹಾಗೆ ಅವರ ಮುಖ ಬಿಳುಪೇರಿತು. ಹೆಂಡತಿಯನ್ನು ಒಳಗೆ ಕಳಿಸಿದರು.

“ನಾನೇ ತಂದದ್ದು,” ಎಂದರು. “ಆ ಶಾಲೆಯ ವಾರ್ಷಿಕೋತ್ಸವಕ್ಕೆ ಪೆಟ್ಟಿಗೆ ಬಾರಿಸ್ಲಿಕ್ಕೆ ಹೋಗಿದ್ದೆ. ಮಕ್ಕಳು ಹಾಡಿದರು. ಪಾಠಪುಸ್ತಕದ ಹಾಡು ಅಂತ ಎಣಿಸಿದೆ. ಒಳ್ಳೆ ಧಾಟಿ. ತ್ಯಾಂಪಣ್ಣನಿಗೆ ಬಾರಿಸಿ ತೋರಿಸಿದೆ, ಅವರು ಮಾತು ಬದಲಿಸಿ ನಾಟಕಕ್ಕೆ ಹಾಕಿದರು.”

“ನೀರಿಗಿಳಿ ಅಂತ ಮಾಡಿದ್ದೂ ಅವರೇನಾ?”

ಬಾಬಣ್ಣನ ಕೈ ಎಡಕಿವಿಗೆ ಹೋಯಿತು.

“ಅಲ್ಲ. ಅದು ನಾನು. ಮಕ್ಕಳು ನನ್ನ ಎಡಗಡೆ ನಿಂತು ಹಾಡಿದ್ದು. ನನ್ನ ಎಡಕಿವಿ ಕೇಳುದಿಲ್ಲ.”

ಮೊದಲು ಬ್ಯಾಂಡಿನಲ್ಲಿದ್ದಾಗ ಕಹಳೆಯವನ ಪಕ್ಕ ಆರು ವರ್ಷ ನಿಂತು ಹೋದ ಕಿವಿ ಅದು. ಹೆಂಡತಿಗೂ ಪೂರ್ತಿ ತಿಳಿಸಿರಲಿಲ್ಲ. ನಟರು ತಮ್ಮ ಬಲಕ್ಕೆ ಬರುವ ಹಾಗೆ ಪೆಟ್ಟಿಗೆಯನ್ನು ಯಾವಾಗಲೂ ರಂಗದ ಒಂದೇ ಬದಿಯಲ್ಲಿ ಇಡಿಸುತ್ತಿದ್ದರು. ಜನ ಅದನ್ನು ಶಾಸ್ತ್ರ ಎಂದು ತಿಳಿದಿದ್ದರು.

“ಇದನ್ನು ಬರೆಯಬೇಡಿ,” ಎಂದರು. “ಕಿವಿ ಇಲ್ಲದವನನ್ನು ಯಾರು ಪೆಟ್ಟಿಗೆಗೆ ಕೂರಿಸ್ತಾರೆ?”

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅದೇ ನನ್ನ ಕೈಗೆ ಸಿಕ್ಕಿದ ಅತಿ ಒಳ್ಳೆಯ ಸುದ್ದಿಯಾಗಿತ್ತು. ಅದಿಲ್ಲದೆ ಹಾಡು ಎಲ್ಲಿಂದ ಎಲ್ಲಿಗೆ ಬಂತೆಂದು ಯಾರಿಗೂ ತೋರಿಸಿಕೊಡಲು ಸಾಧ್ಯವಿರಲಿಲ್ಲ. ಹಾಕಿದ್ದರೆ ಐದನೆಯ ಪುಟಕ್ಕಲ್ಲ, ಮೊದಲ ಪುಟಕ್ಕೇ ಹೋಗುತ್ತಿತ್ತು. ನಾನು ಹಾಕಲಿಲ್ಲ. ಅದಕ್ಕೆ ನನ್ನನ್ನು ಹೊಗಳಬೇಕಾಗಿಲ್ಲ. ಬಾಬಣ್ಣ ನನ್ನ ಎದುರಿಗೇ ಕೂತಿದ್ದರು, ಅವರ ಎದುರು ಬೇರೇನೂ ತೋಚಲಿಲ್ಲ. ಎತ್ತು ತೊಳೆಯುತ್ತಿದ್ದವರು ಮಗುವನ್ನು ಎಳೆದು ಹಾಕಿದ ಕಥೆಯನ್ನು ಮಾತ್ರ ಅವರಿಗೆ ಹೇಳಿದೆ.

ಬಾಬಣ್ಣ ಎದ್ದು ಅಂಗಿ ಹಾಕಿಕೊಂಡರು. “ನಾಳೆ ಬಸ್ಸು ಎಷ್ಟು ಗಂಟೆಗೆ? ಹೋಗುವ. ಸದಾಶಿವನನ್ನೂ ಕರ್ಕೊಂಡು ಹೋಗುವ.”

ಮರುದಿನ ಬೆಳಿಗ್ಗೆ ಮೂವರೂ ಗುರುವಾಯನಕೆರೆಯಲ್ಲಿ ಬಸ್ಸಿಳಿದು ನಡೆದೆವು. ದಾರಿಯಲ್ಲಿ ಆ ಹಳ್ಳ ಸಿಕ್ಕಿತು. ಬೇಸಿಗೆಯಾದ್ದರಿಂದ ಪಾದ ನೆನೆಯುವಷ್ಟೂ ನೀರಿರಲಿಲ್ಲ. ಬಾಬಣ್ಣ ಅದರ ನಡುವೆ ಒಂದು ಕ್ಷಣ ನಿಂತು ಮೇಲಿನ ದಂಡೆಯನ್ನು ನೋಡಿದರು. ಅಳತೆ ತೆಗೆದುಕೊಳ್ಳುವವರ ಹಾಗೆ.

ಟೀಚರ್ ಪಾಠದ ನಡುವಿನಲ್ಲಿದ್ದರು. ಮದ್ರಾಸಿನ ತಟ್ಟೆಯ ವಿಷಯ ಹೇಳಿ, ಸರಿಯಾದ ಸಾಲು ಕಲಿಸಿಕೊಡಿ ಎಂದೆವು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಇಬ್ಬರನ್ನೂ ಒಳಗೆ ಕರೆದು ಮಕ್ಕಳ ಬೆಂಚಿನಲ್ಲಿ ಕೂಡಿಸಿದರು. ಸದಾಶಿವನಿಗೆ ಮೊಣಕಾಲು ಇಡಲು ಜಾಗವಾಗಲಿಲ್ಲ. ಟೀಚರ್ ಒಂದು ಸಾಲು ಹೇಳಿದರು. ಬಾಬಣ್ಣ ಕತ್ತು ಸ್ವಲ್ಪ ಓರೆ ಮಾಡಿದರು. ಟೀಚರ್ ಅವರನ್ನೇ ನೋಡಿ ಹಾಡು ನಿಲ್ಲಿಸಿದರು.

“ನೀವು ಎದ್ದು ಈಚೆ ಕೊನೆಗೆ ಬನ್ನಿ.”

ಬಾಬಣ್ಣ ಬೆಂಚಿನ ಈಚೆ ಕೊನೆಗೆ ಬಂದರು. ಈಗ ಅವರ ಬಲಕಿವಿ ಟೀಚರ ಕಡೆಗಿತ್ತು. ಟೀಚರ್ ಹತ್ತಿರ ಬಂದು ಮೆಲ್ಲಗೆ ಕೇಳಿದರು.

“ಎಷ್ಟು ವರ್ಷ ಆಯ್ತು?”

ಬಾಬಣ್ಣ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ, ನಾನು ಹೇಳಿದ್ದಲ್ಲ ಎಂದು.

“ಹನ್ನೊಂದು,” ಎಂದರು ಬಾಬಣ್ಣ.

“ನನ್ನ ಕ್ಲಾಸಿನಲ್ಲಿ ಇಬ್ಬರು ಇದ್ದಾರೆ. ದಡ್ಡರು ಅಂತ ಹಿಂದೆ ಕೂರಿಸಿದ್ದರು. ಆಚೆಯ ಬೆಂಚಿನಿಂದ ಈಚೆಯ ಬೆಂಚಿಗೆ ತಂದೆ. ಈಗ ಮಗ್ಗಿ ಅವರೇ ಮೊದಲು ಹೇಳ್ತಾರೆ.” ಅಷ್ಟು ಹೇಳಿ ಸ್ವರ ಎತ್ತಿದರು. “ಎಲ್ಲರೂ ಒಟ್ಟಿಗೆ. ಹಳ್ಳ ತುಂಬಿ.”

ಮೂರನೆಯ ತರಗತಿಯವರೂ, ಒಬ್ಬ ಹಾರ್ಮೋನಿಯಂ ವಾದಕರೂ, ಊರಿಗೇ ಹೆಸರಾದ ಒಬ್ಬ ನಾಯಕಿಯೂ ಒಟ್ಟಿಗೆ ಹೇಳಿದರು. ನೀರಿಳಿಯೆ ಬಾ. ಟೀಚರ್ ನನ್ನ ಕಡೆಗೂ ನೋಡಿದರು. ನಾನೂ ಹೇಳಿದೆ. ಹದಿನಾಲ್ಕು ವರ್ಷದಲ್ಲಿ ನಾನು ಹಾಡಿದ್ದು ಅದೊಂದೇ ಸಲ, ಯಾರೂ ಇನ್ನೊಮ್ಮೆ ಎನ್ನಲಿಲ್ಲ.

ಮದ್ರಾಸಿನಲ್ಲಿ ನಡೆದದ್ದನ್ನು ಬಾಬಣ್ಣ ಬಂದು ಹೇಳಿದರು. ಗಾಜಿನ ಕೋಣೆ. ಕೆಂಪು ದೀಪ ಹತ್ತಿದ ಮೇಲೆ ಕೆಮ್ಮುವ ಹಾಗಿಲ್ಲ. ತ್ಯಾಂಪಣ್ಣ ಗಾಜಿನ ಹೊರಗೆ ನಶ್ಯದ ಡಬ್ಬಿ ಹಿಡಿದುಕೊಂಡು ನಿಂತಿದ್ದರು, ಸೀನು ಬಂದೀತೆಂದು ಅವರನ್ನು ಒಳಗೆ ಬಿಟ್ಟಿರಲಿಲ್ಲ. ಸದಾಶಿವ ಬಾಬಣ್ಣನ ಬಲಕ್ಕೆ ನಿಂತ. ಮೊದಲ ಸಾಲಿನಲ್ಲಿಯೇ ‘ನೀರಿಳಿಯೆ ಬಾ’ ಎಂದು ಹಾಡಿದ. ಗಾಜಿನ ಆಚೆ ತ್ಯಾಂಪಣ್ಣನ ಹುಬ್ಬು ಏರಿತಂತೆ. ಕೆಂಪು ದೀಪ ಉರಿಯುತ್ತಿದ್ದುದರಿಂದ ಅವರು ಬಾಯಿ ತೆರೆಯುವ ಹಾಗಿರಲಿಲ್ಲ. ಮುಗಿದ ಮೇಲೆ ಕಂಪೆನಿಯವರು ಬಹಳ ಚೆನ್ನಾಗಿ ಬಂತು, ಇದೇ ಇರಲಿ ಎಂದರು. ತ್ಯಾಂಪಣ್ಣ ಡಬ್ಬಿ ತೆರೆದು ನಶ್ಯ ಸೇದಿದರು. ರೈಲಿನಲ್ಲಿಯೂ ಊರು ಬರುವವರೆಗೆ ಅದೇ.

ತಟ್ಟೆ ಬಂದ ಮೇಲೆ ಅವರೇ ನಮ್ಮ ಕಚೇರಿಗೆ ಬಂದರು.

“ಕೇಳಿದಿರಾ? ಈ ಸಲ ನಾನು ಒಂದು ಅಕ್ಷರ ಬದಲಾಯಿಸಿದ್ದೇನೆ. ನೀರು ಇಳಿದ ಮೇಲೆ ಬಾ ಅಂತ. ಕಾಯುವ ಹೆಣ್ಣು ಅಲ್ವಾ? ಅರ್ಥ ಗಂಭೀರ ಆಯ್ತು.”

“ಹೌದು,” ಎಂದೆ, “ಗಂಭೀರ ಆಯ್ತು.”

ಗುರುವಾಯನಕೆರೆಯ ಒಂದು ಹೋಟೆಲಿನಲ್ಲಿ ಗ್ರಾಮಫೋನ್ ಇತ್ತು. ಒಂದು ಸಂಜೆ ಗಿರಿಜಾ ಟೀಚರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವರು ಒಳಗೆ ಬರಲಿಲ್ಲ, ಹೊರಗೆ ಕೊಡೆ ಹಿಡಿದು ನಿಂತೇ ಕೇಳಿದರು. ಹಾಡು ಮುಗಿಯಿತು. “ಸರಿ ಉಂಟು,” ಎಂದರು. ತಟ್ಟೆಯನ್ನು ತೋರಿಸಿದೆ. ನಡುವಿನ ಕಾಗದದಲ್ಲಿ ತ್ಯಾಂಪಣ್ಣನ ಹೆಸರಿತ್ತು. ಟೀಚರ್ ಅದನ್ನು ಓದಿ ನನ್ನ ಕೈಗೇ ಕೊಟ್ಟರು. ಹೆಸರಿನ ಆಸೆಯಿಲ್ಲದ ದೊಡ್ಡ ಮನಸ್ಸು ಎಂದು ನಾನು ಬಹಳ ಕಡೆ ಹೇಳಿಕೊಂಡು ತಿರುಗಿದೆ.

ಆಮೇಲೆ ವರ್ಷಗಳು ಹೋದವು. ಸಿನಿಮಾ ಬಂದು ನಾಟಕ ಮಂಡಳಿಗಳು ಒಂದೊಂದಾಗಿ ಮುಚ್ಚಿದವು. ಅರುವತ್ತರ ದಶಕದಲ್ಲಿ ಸಂಪಾದಕರು ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರ್ ತಂದರು. ಒಂದು ಮುಡಿ ಅಕ್ಕಿಯಷ್ಟು ಭಾರವೆಂದು ನನ್ನ ಭುಜಕ್ಕೆ ಅನಿಸುತ್ತಿತ್ತು. ಇನ್ನು ತಪ್ಪು ಬರೆಯುವ ಹೆದರಿಕೆಯಿಲ್ಲ ಎಂದುಕೊಂಡೆ. ಅದನ್ನು ಮೊದಲು ಕೊಂಡುಹೋದದ್ದು ಪೌಲ್ ಪೊರ್ಬುಗಳಲ್ಲಿಗೆ. ಚಕ್ರ ತಿರುಗತೊಡಗಿದ್ದೇ ಅವರು ಎದ್ದು ಹೋಗಿ ಬಿಳಿ ಕೋಟು ಹಾಕಿಕೊಂಡು ಬಂದು, “ಸಮಸ್ತ ಶ್ರೋತೃಗಳಿಗೆ ನನ್ನ ಹಾರ್ದಿಕ ವಂದನೆಗಳು,” ಎಂದರು. ಅರ್ಧ ಗಂಟೆ ಅದೇ ಭಾಷೆ. ಯಂತ್ರ ಮುಚ್ಚಿದ ಮೇಲೆ ಅವರಿಗೆ ಮಾತು ಬಂತು. ಆಗ ನಾನು ನೋಟ್ ಪುಸ್ತಕ ತೆಗೆದೆ.

ಗಿರಿಜಾ ಟೀಚರ್ ನಿವೃತ್ತರಾದದ್ದು ಅರುವತ್ತರ ದಶಕದ ಕೊನೆಯಲ್ಲಿ. ಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿ ಬೀಳ್ಕೊಡುಗೆ ಮಾಡಿದರು. ನನ್ನನ್ನೂ ಕರೆದಿದ್ದರು. ಹೊಸ ಮುಖ್ಯೋಪಾಧ್ಯಾಯರು ಎದ್ದು ಘೋಷಿಸಿದರು, “ಈಗ ಮಕ್ಕಳಿಂದ ಒಂದು ಜನಪ್ರಿಯ ಗೀತೆ. ರಚನೆ, ನಾಟಕಕಾರ ತ್ಯಾಂಪಣ್ಣನವರು.”

ಮಕ್ಕಳು ಹಾಡಿದರು. ಟೀಚರ್ ವೇದಿಕೆಯ ನಡುವಿನ ಕುರ್ಚಿಯಲ್ಲಿ, ಕೊರಳಲ್ಲಿ ಹಾರ ಹಾಕಿಕೊಂಡು, ಕೈ ಕಟ್ಟಿ ಕೂತಿದ್ದರು. ಚಪ್ಪಾಳೆ ಬಿದ್ದಾಗ ಅವರೂ ತಟ್ಟಿದರು.

ಎಲ್ಲ ಮುಗಿದ ಮೇಲೆ ಹತ್ತಿರ ಹೋಗಿ ಹೇಳಿದೆ, “ನಿಮಗೆ ಹೆಸರು ಬೇಡ ಅಂತ ಇದ್ದದ್ದರಿಂದ ಹೀಗಾಯ್ತು ಟೀಚರ್.”

“ನನಗೆ ಬೇಡ ಅಂತ ಯಾರು ಹೇಳಿದ್ದು?”

ಟೀಚರ್ ಕುರ್ಚಿಯಿಂದ ಎದ್ದರು.

“ಮೊದಲು ಮಕ್ಕಳ ವಿಷಯ, ಹಾಗಾಗಿ ಅಕ್ಷರ ತಿದ್ದಿಸಿ ಅಂತ ನಾನು ಕೇಳಿದೆ. ಹೆಸರು ಬೇಕಾ ಅಂತ ನೀವು ಕೇಳ್ತೀರಿ ಅಂತ ಎಣಿಸಿದ್ದೆ. ಹೋಟೆಲಿನ ಎದುರು ತಟ್ಟೆ ಕೊಟ್ಟಿರಲ್ಲ, ಆಗಲಾದರೂ ಕೇಳ್ತೀರಿ ಅಂತ. ಊರಿನಲ್ಲಿ ಎಲ್ಲರನ್ನೂ ಕೇಳ್ತೀರಿ. ನನ್ನನ್ನು ಕೇಳಲಿಲ್ಲ.”

ಸ್ವರ ಏರಿಸಲಿಲ್ಲ. ಹಾರ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಬರೆದರೆ ಚೆನ್ನಾಗಿರುತ್ತದೆ. ನಿದ್ದೆ ಬಂತು. ಆದರೆ ಬೆಳಿಗ್ಗೆ ಎದ್ದಾಗ ಅದೇ ಮಾತು ಹಾಸಿಗೆಯ ಪಕ್ಕದಲ್ಲಿ ಕೂತಿತ್ತು. ನಾಚಿಕೆಯಾಯಿತು. ಈ ಸಲ ಎಲ್ಲರನ್ನೂ ಕೇಳಿಯೇ ಬರೆಯುವುದೆಂದು ಹೊರಟೆ.

ಬಾಬಣ್ಣ ಜಗಲಿಯಲ್ಲಿ ಕೂತಿದ್ದರು. ಪೆಟ್ಟಿಗೆ ಬಿಟ್ಟು ಮೂರು ವರ್ಷವಾಗಿತ್ತು. ಎರಡು ಸಲ ಕೂಗಿ ಹೇಳಬೇಕಾಯಿತು.

“ಬರೆಯಿರಿ,” ಎಂದರು. “ಕಿವಿಯ ವಿಷಯವೂ ಬರೆಯಿರಿ. ಈಗ ಬಲದ್ದೂ ಹೋಗಿದೆ. ಇನ್ನು ಯಾರು ಬೈದರೂ ನನಗೆ ಕೇಳುದಿಲ್ಲ.”

ತ್ಯಾಂಪಣ್ಣ ಅದೇ ಮಾಳಿಗೆಯಲ್ಲಿದ್ದರು. ದೊಡ್ಡ ಆಳು ಸಣ್ಣಗಾಗಿದ್ದರು, ಸ್ವರ ಮಾತ್ರ ಹಾಗೆಯೇ ಇತ್ತು. ಪೂರ್ತಿ ಕೇಳಿದರು. ಡಬ್ಬಿ ತೆರೆದು, ನಶ್ಯ ತೆಗೆಯದೆ ಮುಚ್ಚಿದರು.

“ಹೌದಾ? ನಾನೇ ಬರೆದದ್ದು ಅಂತ ನನಗೆ ನೆನಪು. ಎಷ್ಟು ಸಲ ಹೇಳಿದ್ದೇನೆ, ಹಾಗೇ ಆಗಿರಬೇಕು.” ಕಿಟಕಿಯಿಂದ ಹೊಳೆಯ ಕಡೆಗೆ ನೋಡಿದರು. “ಚಂದ್ರನನ್ನು ನೋಡಿದ್ದು ಮಾತ್ರ ನಿಜ.”

“ಹಾಗಾದರೆ ಟೀಚರ ಹೆಸರು ಹಾಕಬಹುದಾ?”

“ಹಾಕಿ. ನನ್ನ ನಮಸ್ಕಾರ ಹೇಳಿ.” ನಾನು ಮೆಟ್ಟಿಲಿಳಿಯುವಾಗ ಮೇಲಿನಿಂದ ಕೂಗಿದರು, “ಆ ಬಾಲೆ ನನ್ನದು! ಅದನ್ನು ಬಿಡಬೇಡಿ!”

ಸಂಪಾದಕರಿಗೆ ಆಗ ಕನ್ನಡಕ ದಪ್ಪವಾಗಿತ್ತು. ಹಸ್ತಪ್ರತಿಯನ್ನು ಮೂಗಿಗೆ ಹಿಡಿದು ಓದಿದರು. ತಿದ್ದುಪಡಿಯ ಕ್ರಮದ ಬಗ್ಗೆ ಏನು ಹೇಳುತ್ತಾರೋ ಎಂದು ಕಾದೆ.

“ಇದು ತಿದ್ದುಪಡಿ ಅಲ್ಲ, ಸುದ್ದಿ,” ಎಂದರು. “ಮೊದಲ ಪುಟಕ್ಕೆ ಕೊಡಿ.”

ಐತಪ್ಪ ಮೊಳೆ ಜೋಡಿಸಿ ಮುಗಿಸುವವರೆಗೆ ನಾನು ಅವನ ಪಕ್ಕದಲ್ಲಿ ನಿಂತೆ. ಗುನುಗಬೇಡ ಎಂದು ಹೇಳಿದ್ದೆ. ಅವನು ತುಟಿ ಕಚ್ಚಿಕೊಂಡೇ ಜೋಡಿಸಿದ.

ಶನಿವಾರ ಪತ್ರಿಕೆಯ ನಾಲ್ಕು ಪ್ರತಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಟೀಚರ್ ಮನೆಯ ಮುಂದೆ ಕೆಸುವಿನ ಎಲೆ ಕೊಯ್ಯುತ್ತಿದ್ದರು. ಕೈ ತೊಳೆದು, ಸೆರಗಿಗೆ ಒರೆಸಿ, ಪತ್ರಿಕೆ ತೆಗೆದುಕೊಂಡು ನಿಂತೇ ಓದಿದರು. ಓದುತ್ತ ಒಂದು ಕಡೆ ಅವರ ಬೆರಳು ನಿಂತಿತು. ಅಕ್ಷರ ತಪ್ಪು ಸಿಕ್ಕಿತೆಂದು ಹೆದರಿದೆ. ಬೆರಳು ಇದ್ದದ್ದು ಅವರ ಹೆಸರಿನ ಮೇಲೆ.

ಪತ್ರಿಕೆಯನ್ನು ಎರಡಾಗಿ, ನಾಲ್ಕಾಗಿ ಮಡಚಿದರು.

“ಇನ್ನೊಂದು ಪ್ರತಿ ಉಂಟಾ? ತಮ್ಮನಿಗೆ ಕಳಿಸ್ಬೇಕು.”

ಕೊಟ್ಟೆ.

“ಶಾಲೆಗೆ ಒಂದು ಇದ್ದರೆ ಒಳ್ಳೆದಿತ್ತು.”

ಅದನ್ನೂ ಕೊಟ್ಟೆ. ಚೀಲದಲ್ಲಿ ಒಂದು ಉಳಿಯಿತು. ಅದು ಕಚೇರಿಯ ಕಡತಕ್ಕೆ ಸೇರಬೇಕಾದದ್ದು ಎಂದು ಹೇಳಿದೆ. ಟೀಚರ್ ಚೀಲವನ್ನು ನೋಡುವುದನ್ನು ನಿಲ್ಲಿಸಲಿಲ್ಲ.

ಆ ವಾರದ ಸಂಚಿಕೆ ನಮ್ಮ ಕಚೇರಿಯ ಕಡತದಲ್ಲಿ ಇಲ್ಲ.